ಉಪಗ್ರಹಕ್ಕೂ ಬೇಕು ಮಳೆಮಾಪಕ

ಇಡೀ ಭೂಮಿಯ ಮಳೆಲೆಕ್ಕ ಅರ್ಧ ಗಂಟೆಗೊಮ್ಮೆ ಆಕಾಶದಿಂದಲೇ ಸಿಗುವಾಗ ಊರೂರಿಗೆ ಮಳೆಮಾಪಕ ಏಕೆ ಎಂದು ಕೇಳುವವರಿದ್ದಾರೆ. ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಭೂಮಿಯ ಬಹುಪಾಲು ಸಮುದ್ರ. ಅಲ್ಲಿ ಮಾಪಕ ನೆಟ್ಟು ಕಾಯುವವರಾರು? 1997ರಲ್ಲಿ ಅಮೆರಿಕ ಮತ್ತು ಜಪಾನ್ ಸೇರಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹ ಮೊದಲ ಬಾರಿಗೆ ಮಳೆಯ ರೇಡಾರನ್ನು ಅಂತರಿಕ್ಷಕ್ಕೆ ಒಯ್ದಿತು. 2011ರಲ್ಲಿ ಭಾರತ ಮತ್ತು ಫ್ರಾನ್ಸ್‌ನ ಮೇಘಾ-ಟ್ರಾಪಿಕ್ಸ್ ಉಷ್ಣವಲಯದ ಮೇಲೆ ಸುತ್ತತೊಡಗಿತು. 2014ರಲ್ಲಿ ಬಂದ ಜಿಪಿಎಂ ಎರಡು ತರಂಗಾಂತರಗಳ ರೇಡಾರ್ ಹೊತ್ತು, ಹಲವು ದೇಶಗಳ ಉಪಗ್ರಹಗಳ ಅಳತೆಗೆ ಒರೆಗಲ್ಲಾಯಿತು. ಇಂಥ ಹಲವು ಉಪಗ್ರಹಗಳ ಅಳತೆಗಳನ್ನು ಹೆಣೆದು ಸುಮಾರು ಹತ್ತು ಕಿ.ಮೀ. ಚೌಕಗಳಲ್ಲಿ ಸಿದ್ಧವಾಗುವ ಮಳೆನಕ್ಷೆಯ ಮೊದಲ ಕರಡು ನಾಲ್ಕೈದು ಗಂಟೆಗಳಲ್ಲೇ ಕೈಸೇರುತ್ತದೆ. ಕಡಲ ಮೇಲಿನ ಚಂಡಮಾರುತದ ಮಳೆ ತಿಳಿಯಲು, ನದಿಯ ಮೇಲ್ದಂಡೆಯ ದೇಶ ಅಂಕಿ ಕೊಡದಿದ್ದಾಗ ಕೆಳಗಿನವರು ನೆರೆಯನ್ನು ಊಹಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಉಪಗ್ರಹ ನೆಲಕ್ಕೆ ಬಿದ್ದ ನೀರನ್ನು ಅಳೆಯುವುದಿಲ್ಲ. ಮೋಡದೊಳಗಿನ ಸುಳಿವುಗಳಿಂದ ಅಂದಾಜು ಮಾಡುತ್ತದೆ. ಮೈಕ್ರೋವೇವ್ ಸಂವೇದಕಕ್ಕೆ ಸಮುದ್ರ ತಣ್ಣಗೆ ಕಾಣುವುದರಿಂದ ಮೇಲಿನ ಮಳೆಹನಿಗಳು ಹೊಳೆದು ತೋರುತ್ತವೆ. ನೆಲವೇ ಬೆಚ್ಚಗೆ ಹೊಳೆಯುವುದರಿಂದ ಅಲ್ಲಿ ಹನಿಗಳ ಗುರುತು ಸಿಗದು. ಮೋಡದ ಮೇಲ್ಭಾಗದ ಹಿಮಕಣಗಳು ತರಂಗಗಳನ್ನು ಎಷ್ಟು ಚದುರಿಸಿದವು ಎಂಬುದನ್ನೇ ನೆಚ್ಚಬೇಕು. ನಮ್ಮ ಪಶ್ಚಿಮಘಟ್ಟ ಕೈಕೊಡುವುದು ಇಲ್ಲೇ. ಕಡಲ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಅಷ್ಟೇನೂ ಎತ್ತರಕ್ಕೆ ಬೆಳೆಯದ ಮೋಡಗಳಿಂದಲೇ ಸುರಿದುಬಿಡುತ್ತದೆ. ಹಿಮಕಣ ಕಡಿಮೆ, ಮಳೆ ವಿಪರೀತ. ಉಪಗ್ರಹದ ಲೆಕ್ಕಕ್ಕೆ ಸಿಗುವುದು ಅದರ ಒಂದು ಪಾಲು ಮಾತ್ರ. ರೇಡಾರಿಗಾದರೂ ಕಂಡೀತಲ್ಲ ಎಂದರೆ, ಬೆಟ್ಟದಿಂದ ಮರಳುವ ಪ್ರತಿಧ್ವನಿಯ ಗದ್ದಲದಲ್ಲಿ ನೆಲಕ್ಕೆ ಹತ್ತಿರದ ಒಂದೆರಡು ಕಿ.ಮೀ. ಅದಕ್ಕೂ ಕುರುಡು.

ಮಾಪಕವೇನು ಸತ್ಯಹರಿಶ್ಚಂದ್ರನೇ ಎಂಬ ಆಕ್ಷೇಪವೂ ನ್ಯಾಯವಾದುದೇ. ಗಾಳಿ ಜೋರಾದರೆ ಹನಿಗಳು ಅದರ ಬಾಯಿ ತಪ್ಪಿಸಿಕೊಳ್ಳುತ್ತವೆ. ಜಾಗತಿಕ ಮಳೆಲೆಕ್ಕಕ್ಕೆ ಬಳಸುವ ಮಾಪಕಗಳ ಬಾಯಿಗಳನ್ನೆಲ್ಲ ಜೋಡಿಸಿದರೂ ಒಂದು ಫುಟ್‌ಬಾಲ್ ಮೈದಾನ ತುಂಬದು. ಆದರೆ ಮಾಪಕದ ತಪ್ಪು ಬೇರೆ ಜಾತಿಯದು, ಉಪಗ್ರಹದ ತಪ್ಪನ್ನು ಹಿಡಿಯಬಲ್ಲದ್ದು. ಜಿಪಿಎಂ ನಕ್ಷೆಯ ಅಂತಿಮ ಆವೃತ್ತಿ ತಿಂಗಳುಗಟ್ಟಲೆ ತಡವಾಗಿ, ನೆಲದ ಮಾಪಕಗಳ ಮಾಸಿಕ ಲೆಕ್ಕದೊಂದಿಗೆ ತಾಳೆ ನೋಡಿದ ಮೇಲೆಯೇ ಹೊರಬರುತ್ತದೆ. ಉಪಗ್ರಹದವರೇ ಒಪ್ಪಿಕೊಂಡ ಮಾತಿದು. ಹಾಗಿರುವಾಗ ಪಂಚಾಯಿತಿಗಳಲ್ಲಿ ನೆಟ್ಟ ಮಾಪಕಗಳ ದುರಸ್ತಿಗೆ ಕೈ ಬಿಗಿಹಿಡಿಯುವುದು ಉಳಿತಾಯವಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ನಿಂತಿರುವುದು ಇಂಥ ಅಂಕಿಗಳ ಮೇಲೆ. ಕೆಟ್ಟುನಿಂತ ಮಾಪಕದ ಜಾಗಕ್ಕೆ ಹತ್ತು ಕಿ.ಮೀ. ಚೌಕದ ಸರಾಸರಿ ತುಂಬಿದರೆ, ಘಟ್ಟದ ನೆತ್ತಿಯ ತೋಟಕ್ಕೂ ಮಳೆನೆರಳಿನ ತೋಟಕ್ಕೂ ಒಂದೇ ಲೆಕ್ಕ ಬಿದ್ದೀತು.