ನಾಯಿಗೆ ಕೊರಳಪಟ್ಟಿ: ಕೊಳ್ಳುವ ಮುನ್ನ ಯೋಚಿಸಿ

ಬೆಳಗಿನ ವಾಯುವಿಹಾರದಲ್ಲಿ ನಾಯಿಯೇ ಯಜಮಾನನನ್ನು ಎಳೆದೊಯ್ಯುವ ದೃಶ್ಯ ನಗರಗಳಲ್ಲಿ ಸಾಮಾನ್ಯ. ಇದರಿಂದ ಬೇಸತ್ತವರು ಬಿಗಿಯುವ ಸರಪಳಿಯನ್ನೋ, ಒಳಮುಖವಾಗಿ ಮುಳ್ಳುಗಳಿರುವ ಪಟ್ಟಿಯನ್ನೋ, ವಿದ್ಯುತ್ ಆಘಾತ ನೀಡುವ ಪಟ್ಟಿಯನ್ನೋ ತರುತ್ತಾರೆ. ಇವೆಲ್ಲ ಕೆಲಸ ಮಾಡುವುದು ನೋವಿನ ಬಲದಿಂದ.

ತೊಂದರೆ ಇರುವುದು ಇಲ್ಲಿಯೇ. ಎದುರು ಬಂದ ಮಗುವನ್ನು ಕಂಡು ನಾಯಿ ಜಿಗಿದಾಗ ಕೊರಳು ನೊಂದರೆ, ಆ ನೋವಿಗೆ ಮಗುವೇ ಕಾರಣವೆಂದು ಅದು ಭಾವಿಸಬಹುದು. ಸ್ನೇಹದಿಂದ ಜಿಗಿಯುತ್ತಿದ್ದ ಪ್ರಾಣಿ ಕ್ರಮೇಣ ಕಚ್ಚಲು ಮುಂದಾಗುವ ಅಪಾಯವಿದೆ. ಬಿಗಿಯುವ ಸರಪಳಿ ಶ್ವಾಸನಾಳಕ್ಕೂ ಹಾನಿ ಮಾಡಬಲ್ಲದು. ಬ್ರಿಟನ್ನಿನ ವೇಲ್ಸ್ 2010ರಲ್ಲಿಯೇ ವಿದ್ಯುತ್ ಪಟ್ಟಿಗಳ ಬಳಕೆಯನ್ನು ನಿಷೇಧಿಸಿತು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಾಣಿಗೆ ಅನಗತ್ಯ ನೋವುಂಟುಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಹಾಗಾದರೆ ಯಾವುದು ಸೂಕ್ತ? ಶಾಂತವಾಗಿ ನಡೆಯುವ ನಾಯಿಗೆ ಅಗಲವಾದ ಸಾದಾ ಪಟ್ಟಿ ಸಾಕು. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಎಳೆಯುವ ನಾಯಿಗೆ ಎದೆಯ ಸುತ್ತ ತೊಡಿಸಿ, ಮುಂಭಾಗದಲ್ಲಿ ಹಗ್ಗ ಸಿಕ್ಕಿಸುವ ಹಾರ್ನೆಸ್ ಒಳ್ಳೆಯದು. ಮುನ್ನುಗ್ಗಿದರೆ ಅದರ ಮೈ ಪಕ್ಕಕ್ಕೆ ತಿರುಗುತ್ತದೆ. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೂ ಹಾರ್ನೆಸ್ಸೇ ಸುರಕ್ಷಿತ. ಕಿರಿದಾದ ತಲೆಯ ಮುಧೋಳ ನಾಯಿಗೆ ಸಾದಾ ಪಟ್ಟಿ ಜಾರಿಬಿಡಬಹುದು. ಒಂದು ಮಿತಿಯವರೆಗೆ ಮಾತ್ರ ಬಿಗಿಯುವ ಮಾರ್ಟಿಂಗೇಲ್ ಪಟ್ಟಿ ಅದಕ್ಕೆ ಹೊಂದುತ್ತದೆ.

ಆದರೆ ಯಾವ ಪಟ್ಟಿಯೂ ತಾನಾಗಿ ಪಾಠ ಕಲಿಸದು. ಹಗ್ಗ ಬಿಗಿಯಾದೊಡನೆ ನಿಂತುಬಿಡಿ. ಸಡಿಲವಾದ ಕೂಡಲೇ ಒಂದು ತುಣುಕು ತಿಂಡಿ ಕೊಟ್ಟು ಮುಂದೆ ನಡೆಯಿರಿ. ಸ್ವಭಾವ ಏಕಾಏಕಿ ಬದಲಾದರೆ ಮಾತ್ರ ಮೊದಲು ಪಶುವೈದ್ಯರನ್ನು ಕಾಣಿ. ಸಿಟ್ಟಿನ ಹಿಂದೆ ಕಾಯಿಲೆಯೂ ಇರಬಹುದು.