ಕಾಲು ಉಳುಕಿತೆ? ತಿಕ್ಕಬೇಡಿ, ತಾಳಿ!

ಮುಂಗಾರು ಹಿಡಿದು ಹದಿನೈದು ದಿನವಾದರೆ ಸಾಕು, ಸಾಸ್ತಾನದ ಕಡೆಯ ಅಂಗಳಗಳೆಲ್ಲ ಹಸಿರಿಗೆ ತಿರುಗುತ್ತವೆ. ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಹಟ್ಟಿಗೆ ಹೋಗುವ ದಾರಿ, ಮುರಕಲ್ಲಿನ ಮೆಟ್ಟಿಲು, ಎಲ್ಲ ಕಡೆಯೂ ಪಾಚಿ. ಒಂದು ಕೈಯಲ್ಲಿ ಕೊಡಪಾನ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ಅವಸರದಲ್ಲಿ ಹೆಜ್ಜೆ ಇಟ್ಟಾಗ ಪಾದ ಒಳಕ್ಕೆ ಮಗುಚಿತೋ, ಮುಗಿಯಿತು! ಹರಡಿನಲ್ಲಿ ಚಳಕ್ಕೆಂದು ನೋವು, ನೋಡನೋಡುತ್ತಿದ್ದಂತೆ ಊತ.

ಆಮೇಲೆ ಶುರುವಾಗುತ್ತದೆ ನೆರೆಹೊರೆಯವರ ವೈದ್ಯ. “ಎಂತದೂ ಆಯ್ಲಿಲ್ಲೆ ಮಾರಾಯ್ತಿ, ಒಂಚೂರ್ ಎಣ್ಣಿ ಹಾಕಿ ತಿಕ್, ಸಮ ಆತ್ತ್” ಎನ್ನುತ್ತಾರೆ ಒಬ್ಬರು. ಉಪ್ಪಿನ ಶಾಖ ಕೊಡಿ ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಉಳುಕು ತೆಗೆಯುವವರ ಮನೆಯ ದಾರಿ ಹೇಳುತ್ತಾರೆ. ಎಲ್ಲರೂ ಹೇಳುವುದು ಪ್ರೀತಿಯಿಂದಲೇ. ಆದರೆ ಮೊದಲ ಎರಡು ಮೂರು ದಿನ ಈ ಮೂರೂ ಕೂಡದು.

ಒಳಗೆ ಆಗುವುದೇನು?

ಮೂಳೆಗೂ ಮೂಳೆಗೂ ಕಟ್ಟಿದ ಗಟ್ಟಿ ಹುರಿಗಳು ನಮ್ಮ ಕೀಲುಗಳಲ್ಲಿವೆ. ವೈದ್ಯರು ಇವನ್ನು ಲಿಗಮೆಂಟ್ ಎನ್ನುತ್ತಾರೆ. ಪಾದ ಒಳಕ್ಕೆ ತಿರುಚಿದಾಗ ಹರಡಿನ ಹೊರಮಗ್ಗುಲಿನ ಹುರಿಗಳು ಮಿತಿಮೀರಿ ಎಳೆಯಲ್ಪಡುತ್ತವೆ. ಬರೀ ಹಿಗ್ಗಿದರೆ ಒಂದೆರಡು ವಾರದಲ್ಲಿ ವಾಸಿ. ಎಳೆಗಳು ಭಾಗಶಃ ಹರಿದರೆ ಮೂರರಿಂದ ಆರು ವಾರ ಬೇಕು. ಪೂರ್ತಿ ಹರಿದರೆ ತಿಂಗಳುಗಳೇ ಹಿಡಿಯುತ್ತವೆ. ಅಂದರೆ ಇಲ್ಲಿ ‘ತೆಗೆಯಬೇಕಾದ’ ಉಳುಕು ಯಾವುದೂ ಇಲ್ಲ. ಕೂಡಿಕೊಳ್ಳಬೇಕಾದ ಗಾಯ ಇದೆ. ಹರಿದ ಸೀರೆಯನ್ನು ಹೊಲಿಯುವ ಮೊದಲು ಯಾರಾದರೂ ಕಲ್ಲಿಗೆ ಬಡಿದು ಒಗೆಯುತ್ತಾರೆಯೆ? ಹೊಸ ಪೆಟ್ಟನ್ನು ತಿಕ್ಕುವುದೂ ಹಾಗೆಯೇ. ಶಾಖ ಕೊಟ್ಟರೆ ಅಲ್ಲಿಗೆ ರಕ್ತ ಹೆಚ್ಚು ನುಗ್ಗಿ ಊತ ಏರುತ್ತದೆ. ಹುಣಸೆ-ಉಪ್ಪಿನ ಬಿಸಿ ಪಟ್ಟೂ ಈಗ ಬೇಡ.

ಮೊದಲ ಮೂರು ದಿನ

ಬಿದ್ದ ತಕ್ಷಣ ಕುಳಿತುಬಿಡಿ. ಊತ ಏರುವ ಮುನ್ನ ಕಾಲುಂಗುರ, ಗೆಜ್ಜೆ ತೆಗೆದಿಡಿ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಬಹುದು. ಬರೀ ಚರ್ಮಕ್ಕೆ ತಾಗಿಸಿದರೆ ಚರ್ಮ ಸುಟ್ಟಂತಾಗುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಕಾಲೆತ್ತರ ಎಂಬ ನಾಲ್ಕು ಸೂತ್ರಗಳನ್ನು ಪ್ರಚಾರಕ್ಕೆ ತಂದರು. ಮಂಜು ವಾಸಿಯಾಗುವುದನ್ನು ನಿಧಾನಿಸಲೂಬಹುದು ಎಂದು ಮುಂದೆ ಅವರೇ ಬರೆದರು. ಆದ್ದರಿಂದ ಮಂಜು ನೋವು ತಣಿಸಲು ಮಾತ್ರ, ದಿನಗಟ್ಟಲೆ ಬೇಡ.

ಕ್ರೇಪ್ ಬ್ಯಾಂಡೇಜನ್ನು ಕಾಲ್ಬೆರಳುಗಳ ಬುಡದಿಂದ ಶುರುಮಾಡಿ, ಹರಡಿನ ಸುತ್ತ ಎಂಟರ ಆಕಾರದಲ್ಲಿ ಸುತ್ತುತ್ತ ಮೇಲಕ್ಕೆ ಬನ್ನಿ. ಸುತ್ತುವಾಗ ಪಾದ ನೇರ ಮೇಲ್ಮುಖವಾಗಿರಲಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. ಬಿಚ್ಚಿ ಸಡಿಲಾಗಿ ಕಟ್ಟಿ. ರಾತ್ರಿ ಮಲಗುವಾಗ ತೆಗೆದುಬಿಡಿ.

ಮಲಗಿದಾಗ ಕಾಲಿನಡಿ ಎರಡು ದಿಂಬು ಇಟ್ಟು ಪಾದವನ್ನು ಎದೆಗಿಂತ ಮೇಲಿಡಿ. ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ಬಸುರಿಯರು, ಹೊಟ್ಟೆಹುಣ್ಣು ಇಲ್ಲವೇ ಮೂತ್ರಪಿಂಡದ ತೊಂದರೆ ಇರುವವರು ಬೇರೆ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಂಜುಗಡ್ಡೆಯ ಉಸಾಬರಿಗೇ ಹೋಗಬೇಡಿ.

ಉಳುಕೋ, ಮೂಳೆ ಮುರಿತವೋ?

‘ಬೆರಳು ಆಡುತ್ತದೆ, ಹಾಗಾಗಿ ಮೂಳೆ ಮುರಿದಿಲ್ಲ’ ಎಂಬ ಮಾತನ್ನು ನಂಬಬೇಡಿ. ಮೂಳೆ ಮುರಿದರೂ ಬೆರಳು ಆಡುತ್ತದೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳನ್ನು ಇಂದಿಗೂ ಲೋಕದ ಎಲ್ಲೆಡೆ ಪಾಲಿಸುತ್ತಾರೆ. ಅದರ ಸಾರ ಇಷ್ಟು:

* ಬಿದ್ದ ಕೂಡಲೇ, ಆಮೇಲೆ ಆಸ್ಪತ್ರೆಯಲ್ಲಿಯೂ, ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗುವುದಿಲ್ಲ;
* ಹರಡಿನ ಎರಡು ಬದಿಯ ಗುಬ್ಬಿಮೂಳೆಗಳನ್ನು ತುದಿಯಲ್ಲಾಗಲಿ ಹಿಂಬದಿಯ ಅಂಚಿನಲ್ಲಾಗಲಿ ಒತ್ತಿದರೆ ನೋವು;
* ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆಯನ್ನಾಗಲಿ, ಒಳಬದಿಯಲ್ಲಿ ಪಾದದ ಕಮಾನಿನ ಮೇಲಿರುವ ಮೂಳೆಯನ್ನಾಗಲಿ ಒತ್ತಿದರೆ ನೋವು.

ಇವುಗಳಲ್ಲಿ ಒಂದಿದ್ದರೂ ಎಕ್ಸ್‌ರೇ ಆಗಲೇಬೇಕು. ಪಾದ ಸೊಟ್ಟಗಾಗಿದ್ದರೆ, ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಫೋನ್ ಮಾಡಿ. ಮುಟ್ಟು ನಿಂತ ಹೆಂಗಸರ ಮೂಳೆ ಸವೆದಿರುತ್ತದೆ. ಅವರಿಗೆ ಚಿಕ್ಕ ಜಾರಾಟವೂ ದೊಡ್ಡದೇ. ಮೂಳೆ ಬಿರುಕು ಬಿಟ್ಟ ಕಾಲನ್ನು ತಿಕ್ಕಿಸಿಕೊಂಡರೆ ಸೇರಬೇಕಾದ ಮೂಳೆ ಜಾಗ ತಪ್ಪಿ, ಜೀವಮಾನವಿಡೀ ಕುಂಟಬೇಕಾದೀತು.

‘ಅ’ದಿಂದ ‘ಳ’ದವರೆಗೆ

ಹಾಗೆಂದು ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪೇ. ಮೂಳೆ ಮುರಿದಿಲ್ಲವೆಂದು ಖಚಿತವಾದರೆ, ಎರಡು ಮೂರು ದಿನಗಳ ಬಳಿಕ ಕಾಲನ್ನು ಮೆಲ್ಲಗೆ ಆಡಿಸಬೇಕು. ಕುರ್ಚಿಯಲ್ಲಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ದಿನಕ್ಕೆ ಎರಡು ಸಲ ಅಕ್ಷರಮಾಲೆ ಮುಗಿಸಿ. ನೋವು ಇಳಿದ ಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಬಳಿಕ ಹಾಲು ಕಾಯುವಷ್ಟು ಹೊತ್ತು ಆಗಾಗ ಆ ಒಂದೇ ಕಾಲಿನ ಮೇಲೆ ನಿಲ್ಲಿ. ಕೈ ಕಟ್ಟೆಯ ಮೇಲಿರಲಿ.

ಇದು ಆಟವಲ್ಲ. ಪಾದ ಎತ್ತ ವಾಲುತ್ತಿದೆ ಎಂದು ಮೆದುಳಿಗೆ ಸುದ್ದಿ ಕಳಿಸುವ ನರದ ತುದಿಗಳು ಆ ಹುರಿಗಳಲ್ಲೂ ಇವೆ. ಅವಕ್ಕೆ ಪೆಟ್ಟಾದರೆ ಸುದ್ದಿ ತಡವಾಗುತ್ತದೆ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದು ಇದರಿಂದಲೂ ಹೌದು. ಸಮತೋಲನದ ಈ ಅಭ್ಯಾಸ ಅದನ್ನು ತಡೆಯುತ್ತದೆ.

ಉಳುಕದಂತೆ ಏನು ಮಾಡಬೇಕು?

* ಮೇ ಕೊನೆಯಲ್ಲೇ ಬಾವಿಕಟ್ಟೆ, ಮೆಟ್ಟಿಲುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿಯಾಗಿ ಉಜ್ಜಿ. ಅದಕ್ಕೆ ಆಸಿಡ್ ಮಾತ್ರ ಬೆರೆಸಬೇಡಿ; ವಿಷದ ಗಾಳಿ ಏಳುತ್ತದೆ. ನಡೆಯುವ ದಾರಿಗೆ ಹಿರಿಯರಂತೆ ತೆಂಗಿನ ಮಡಲು ಹಾಸಿ.
* ಅಟ್ಟೆ ಸವೆದು ನುಣುಪಾದ ಹವಾಯಿ ಚಪ್ಪಲಿಯನ್ನು ‘ಇನ್ನೊಂದು ಮಳೆಗಾಲ ಬರಲಿ’ ಎಂದು ಉಳಿಸಬೇಡಿ.
* ಕೆಲಸದ ಹೊತ್ತಿನಲ್ಲಿ ಸೀರೆ ಕಣಕಾಲಿನ ಮೇಲಿರಲಿ.
* ಕುಂದಾಪುರ-ಉಡುಪಿ ಬಸ್ಸು ಪೂರ್ತಿ ನಿಲ್ಲದೆ ಇಳಿಯಬೇಡಿ. ಹೆದ್ದಾರಿಯ ಡಾಂಬರಿನ ಅಂಚಿಗೂ ಮಣ್ಣಿಗೂ ಒಂದು ಗೇಣು ತಗ್ಗು ಇದ್ದೀತು.
* ಆಟ ನೋಡಿಕೊಂಡು ಗದ್ದೆಯಂಚಿನಲ್ಲಿ ಬರುವಾಗ ಕೈಯಲ್ಲಿ ಬ್ಯಾಟರಿ ಇರಲಿ.

ಕೊನೆಗೊಂದು ಮಾತು

ಮಗನ ಕಾಲು ಉಳುಕಿದರೆ ನೀವು ಅವನನ್ನು ನೆಲಕ್ಕೆ ಕಾಲಿಡಲು ಬಿಡುವುದಿಲ್ಲ. ನಿಮ್ಮದೇ ಕಾಲು ಉಳುಕಿದರೆ? ಹಳೆ ಬಟ್ಟೆಯ ಪಟ್ಟಿ ಬಿಗಿದು ದೋಸೆ ಹೊಯ್ಯಲು ನಿಲ್ಲುತ್ತೀರಿ! ತಿಕ್ಕುವುದರಷ್ಟೇ ಕೆಡುಕು ಇದರಿಂದಲೂ ಆಗುತ್ತದೆ. ಮೂರು ದಿನ ನೀರು ಸೇದಲು, ಹಟ್ಟಿ ನೋಡಿಕೊಳ್ಳಲು ಮನೆಯವರಿಗೆ ಹೇಳಿ. ಹೇಳಲು ಸಂಕೋಚವೇ? ಈ ಪುಟವನ್ನೇ ಅವರ ಕೈಗೆ ಕೊಡಿ. ಗಂಜಿ ಬೇಯಿಸಲು ಅವರಿಗೂ ಬರಲಿ. ಮೂರು ದಿನದ ಗಂಜಿಯೂಟದಿಂದ ಯಾರಿಗೂ ಏನೂ ಆಗುವುದಿಲ್ಲ. ನಿಮ್ಮ ಕಾಲು ಮಾತ್ರ ಮುಂದಿನ ಮೂವತ್ತು ಮಳೆಗಾಲಕ್ಕೆ ಗಟ್ಟಿಯಾಗುತ್ತದೆ.