ಎರಡು ಅಂಚೆಯ ಚೀಲಗಳು

ಏರ್ ಇಂಡಿಯಾದ ಚರಿತ್ರೆಯನ್ನು ಹೇಳುವವರು ಕರಾಚಿ, ಮುಂಬಯಿ, ಲಂಡನ್ನುಗಳನ್ನು ಹೆಸರಿಸುತ್ತಾರೆ. ಬಳ್ಳಾರಿಯನ್ನು ನೆನೆಯುವವರು ವಿರಳ. ಆದರೆ ಆ ಚರಿತ್ರೆಯ ಮೊದಲನೆಯ ಪುಟದಲ್ಲಿಯೇ ನಮ್ಮ ಬಿಸಿಲ ನಾಡಿನ ಈ ಊರಿಗೆ ಸ್ಥಾನವುಂಟು.

1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲವನ್ನು ಹೇರಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು, ಇಂಧನ ತುಂಬಿಸಿಕೊಂಡು, ಮುಂಬಯಿಯ ಜುಹೂ ಮೈದಾನವನ್ನು ಸೇರಿದರು. ಅಲ್ಲಿಂದ ಮುಂದಕ್ಕೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮಾರ್ಗವಾಗಿ ಅಂಚೆಯನ್ನು ಮದರಾಸಿಗೆ ಮುಟ್ಟಿಸಿದರು.

ಈ ಅಂಚೆಯ ಉದ್ಯಮವೇ 1946ರಲ್ಲಿ 'ಏರ್ ಇಂಡಿಯಾ' ಆಯಿತು. ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರ ಜೂನ್ 8ರಂದು, 'ಮಲಬಾರ್ ಪ್ರಿನ್ಸೆಸ್' ಎಂಬ ಲಾಕ್‌ಹೀಡ್ ಕಾನ್‌ಸ್ಟಲೇಷನ್ ವಿಮಾನ ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹಾರಿತು. 1953ರಲ್ಲಿ ರಾಷ್ಟ್ರೀಕರಣವಾಯಿತು. 1960ರಲ್ಲಿ ಬೋಯಿಂಗ್ 707 ಬಂದಿತು; 1962ರ ವೇಳೆಗೆ ಜೆಟ್ ವಿಮಾನಗಳನ್ನು ಮಾತ್ರವೇ ಹಾರಿಸುವ ಸಂಸ್ಥೆಯೆಂಬ ಕೀರ್ತಿ ಸಂದಿತು.

ಕೀರ್ತಿಯ ಬೆನ್ನಿಗೇ ಶೋಕವೂ ಬಂದಿತು. 1950ರ ನವೆಂಬರ್ 3ರಂದು ಮಲಬಾರ್ ಪ್ರಿನ್ಸೆಸ್ ಆಲ್ಪ್ಸಿನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು, ಅದರಲ್ಲಿದ್ದ 48 ಮಂದಿಯೂ ಮಡಿದರು. 1966ರ ಜನವರಿ 24ರಂದು, ಹಿಮಾಲಯದ ಶಿಖರದ ಹೆಸರನ್ನು ಹೊತ್ತ 'ಕಾಂಚನಜುಂಗಾ' ಎಂಬ 707 ಅದೇ ಪರ್ವತಕ್ಕೆ ಆಹುತಿಯಾಯಿತು. ಶಿಖರವನ್ನು ದಾಟಿದೆವೆಂದು ಚಾಲಕರು ತಪ್ಪಾಗಿ ಗ್ರಹಿಸಿ ವಿಮಾನವನ್ನು ಇಳಿಸತೊಡಗಿದ್ದರು. ಮಡಿದ 117 ಮಂದಿಯಲ್ಲಿ, ಒಂದು ಕಾಲಕ್ಕೆ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದ್ದ ಹೋಮಿ ಭಾಭಾ ಅವರೂ ಒಬ್ಬರು.

ನಲವತ್ತಾರು ವರ್ಷಗಳ ಮೇಲೆ, 2012ರಲ್ಲಿ, ಅಲ್ಲಿನ ಹಿಮನದಿ ಒಂದು ಗೋಣಿಯ ಚೀಲವನ್ನು ಹೊರಚೆಲ್ಲಿತು. ಅದು ನಮ್ಮ ವಿದೇಶಾಂಗ ಖಾತೆಯ ಅಂಚೆ. ಒಳಗೆ 1966ರ ವೃತ್ತಪತ್ರಿಕೆಗಳಿದ್ದುವು. ಬಳ್ಳಾರಿಯ ಮೇಲೆ ಹಾದ ಚೀಲ ಮದರಾಸನ್ನು ಮುಟ್ಟಿತು. ಈ ಚೀಲ ತನ್ನ ವಿಳಾಸವನ್ನು ಕಾಣದೆ ಹೋಯಿತು.

2022ರ ಜನವರಿ 27ರಂದು ಸಂಸ್ಥೆ ಮತ್ತೆ ಟಾಟಾ ಮನೆತನದ ಉದ್ಯಮವನ್ನು ಸೇರಿತು. 2025ರ ಜೂನ್ 12ರಂದು, ಮೊದಲ ವಿಮಾನ ಇಂಧನ ಪಡೆದ ಅದೇ ಅಹಮದಾಬಾದಿನಲ್ಲಿ, ಅದರ ವಿಮಾನವೊಂದು ಬಿದ್ದು, ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕಿ ಉಳಿದರು. ಒಡೆತನ ಕೈಯಿಂದ ಕೈಗೆ ಹೋಗಬಹುದು. ಹೊತ್ತದ್ದನ್ನು ಕ್ಷೇಮವಾಗಿ ಮುಟ್ಟಿಸುವ ಹೊಣೆ ಮಾತ್ರ ಆ ಮೊದಲ ದಿನ ಇದ್ದಂತೆಯೇ ಇದೆ.